ಹಂಡೆಯ ಕತ್ತು

ಬಯಾನ್ ಲೆಪಾಸ್, ಪೆನಾಂಗ್
14 ಜನವರಿ 2024

ತಂಗಿ ವಾಸಂತಿಗೆ ತಿಮ್ಮಣ್ಣನ ಆಶೀರ್ವಾದಗಳು.

ಕಾಗದ ಅಂದರೆ ಮೊದಲು ಕ್ಷೇಮಸಮಾಚಾರ ಬರೆಯಬೇಕು ಅಂತ ಪ್ರೈಮರಿ ಸ್ಕೂಲಿನ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು. ಈ ಸಲ ಮೇಷ್ಟ್ರು ಕ್ಷಮಿಸಲಿ. ನೀನು ಕ್ಷೇಮವಾಗಿಲ್ಲ ಅನ್ನುವುದು ನನಗೆ ಗೊತ್ತು, ನಾನು ಕ್ಷೇಮವಾಗಿಲ್ಲ ಅನ್ನುವುದು ನಿನಗೆ ಬೇಕಾಗಿಲ್ಲ.

ಫೋನಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿ ಒಂಬತ್ತು ವಾರವಾಯಿತು. ಅದಕ್ಕೇ ಪೋಸ್ಟಾಫೀಸಿಗೆ ಹೋಗಿ ಕವರು ತಂದೆ. ರೂಮಿನಲ್ಲಿ ಜೊತೆಗಿರುವ ನಿಖಿಲ, 'ಅಂಕಲ್, ಲವ್ ಲೆಟರಾ?' ಅಂತ ಕೇಳಿದ. ಇನ್ನೊಂದು ದಿನ ಆಗಿದ್ದರೆ ಅವನಿಗೆ ಸರಿಯಾದ ಉತ್ತರ ಕೊಡುತ್ತಿದ್ದೆ.

ನನಗೆ ಬೇಕಾಗಿರುವುದು ಒಂದೇ. ಸರ್ಕಾರದವರು ಪರೀಕ್ಷೆ ಮುಗಿಸಿ ಆ ಬಾಯ್ಲರನ್ನು ನಿಮ್ಮ ಮನೆಗೆ ವಾಪಸು ಕೊಟ್ಟಿದ್ದಾರಂತೆ. ನನಗೆ ಅರ್ಧ ದಿನ ಅದನ್ನು ಬಿಚ್ಚಿ ನೋಡಲು ಬಿಡು. ನೀನು ಎದುರಿಗೆ ಇರಬೇಕಾಗಿಲ್ಲ, ಕಾಫಿ ಕೊಡಬೇಕಾಗಿಲ್ಲ.

ಅನಂತು ಆ ಬಾಯ್ಲರಿಗಾಗಿ ಎರಡು ವರ್ಷ ನನ್ನ ಪ್ರಾಣ ತಿಂದಿದ್ದ. 'ಈ ದೇಶದ ಷವರಿನ ಬಿಸಿನೀರು ಯಾರೋ ಮೈಮೇಲೆ ಸೀನಿದ ಹಾಗಿರುತ್ತೆ ಕಣೋ, ನನಗೆ ಬೆನ್ನು ಸುಡೋ ನೀರು ಬೇಕು, ಬಕೆಟ್ಟು ಚೊಂಬು ಬೇಕು' ಅಂದ. ವರ್ಷಪೂರ್ತಿ ಬೇಯುವ ಊರಿನಲ್ಲಿ ಗ್ಯಾಸ್ ಬಾಯ್ಲರ್ ಕೇಳಿದ್ದಕ್ಕೆ ಅಂಗಡಿಯ ಚೀನೀ ಮುದುಕ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. ನಾನೇ ತಂದೆ, ನಾನೇ ಹಿತ್ತಲ ಕೋಣೆಯ ಗೋಡೆಗೆ ಬಚ್ಚಲಿನ ಗವಾಕ್ಷಿಯ ಪಕ್ಕ ಕೂರಿಸಿದೆ, ನಾನೇ ಹೊಗೆಯ ಕೊಳವೆ ಹೊರಗೆ ಬಿಟ್ಟೆ. ಅನಂತು ಅದಕ್ಕೆ 'ಹಂಡೆ' ಅಂತ ಹೆಸರಿಟ್ಟ. ಆರು ತಿಂಗಳಿಗೊಮ್ಮೆ ಪೆನಾಂಗಿನಿಂದ ಬಸ್ಸು ಹತ್ತಿ ಸುಬಾಂಗಿಗೆ ಬಂದು ಬರ್ನರ್ ಉಜ್ಜಿ, ಮಸಿ ತೆಗೆದು, ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ, ನಿನ್ನ ಕೈಯಲ್ಲಿ ಬಿಸಿಬೇಳೆಬಾತು ತಿಂದು ಹೋಗುತ್ತಿದ್ದೆ. ಅಕ್ಟೋಬರಿನಲ್ಲಿ ಮಾತ್ರ ಬರಲಿಲ್ಲ. ಫ್ಯಾಕ್ಟರಿಯಲ್ಲಿ ರಜೆ ಕೊಡಲಿಲ್ಲ, ಹಬ್ಬ ಕಳೆದ ಮೇಲೆ ಹೋದರಾಯಿತು ಅಂದುಕೊಂಡೆ.

ದೀಪಾವಳಿ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದ ನನ್ನ ಗೆಳೆಯ, ನಿನ್ನ ಗಂಡ, ವಿಷದ ಗಾಳಿ ಕುಡಿದು ಅಲ್ಲೇ ಮಲಗಿಬಿಟ್ಟ. 'ಕಾಲಕಾಲಕ್ಕೆ ಸರ್ವೀಸ್ ಮಾಡಿಲ್ಲ' ಅಂತ ವರದಿಯಲ್ಲಿ ಬರೆದಿದ್ದಾರೆ. ಒಂದು ತಿಂಗಳು ತಡವಾಗಿದ್ದಕ್ಕೆ ಮನುಷ್ಯ ಸಾಯುವಷ್ಟು ಮಸಿ ಕಟ್ಟುವುದಿಲ್ಲ, ತಂಗಿ. ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ನನ್ನ ಕೈ ಎಲ್ಲಿ ತಪ್ಪಿತು ಅನ್ನುವುದು ತಿಳಿಯದೆ ನನಗೆ ಅನ್ನ ಇಳಿಯುತ್ತಿಲ್ಲ.

ಇಂಚರ ಮರಿಗೆ ಮಾಮನ ಮುತ್ತು. ಬೇಡ ಅಂದರೆ ಹೇಳಬೇಡ.

ನಿನ್ನ,
ತಿಮ್ಮಣ್ಣ


ಬಯಾನ್ ಲೆಪಾಸ್
25 ಫೆಬ್ರವರಿ 2024

ವಾಸಂತಿಗೆ,

ಉತ್ತರ ಬರಲಿಲ್ಲ. ಟಪಾಲಿನವನ ತಪ್ಪು ಅಂತ ಒಂದು ವಾರ ನಂಬಿದ್ದೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಗ್ಯಾಸ್ ಕೆಲಸದ ನನ್ನ ಲೈಸೆನ್ಸ್ ಕಾರ್ಡನ್ನು ತಡೆಹಿಡಿದಿದ್ದಾರೆ. ಫ್ಯಾಕ್ಟರಿಯವರು ಮನೆಗೆ ಕಳಿಸಲಿಲ್ಲ, ಅಷ್ಟು ಪುಣ್ಯ. ಸ್ಟೋರಿನಲ್ಲಿ ಕೂರಿಸಿದ್ದಾರೆ. ನನ್ನ ಕೈಕೆಳಗೆ ಪೈಪು ಕತ್ತರಿಸಲು ಕಲಿತ ಹುಡುಗರು ಬಂದು ಕೌಂಟರಿನಲ್ಲಿ ನನ್ನ ಹತ್ತಿರ ಕೈಗವಸು ಇಸಿದುಕೊಂಡು ಹೋಗುತ್ತಾರೆ. 'ಸಾರಿ ಸರ್' ಅನ್ನುತ್ತಾರೆ. ಯಾತಕ್ಕೆ ಸಾರಿಯೋ.

ಜೂನ್ ಕೊನೆಯೊಳಗೆ ಮೇಲ್ಮನವಿ ಹಾಕಬಹುದು. ಸಾವಿಗೆ ಬೇರೆ ಕಾರಣ ಇತ್ತು ಅಂತ ತೋರಿಸಿದರೆ ಕಾರ್ಡು ವಾಪಸು, ಇಲ್ಲದಿದ್ದರೆ ಶಾಶ್ವತವಾಗಿ ಹೋಯಿತು. ಕಾರ್ಡಿಗಾಗಿ ಬೇಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡ. ಕಾರ್ಡಿನ ಆಸೆಯೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡದು, ಅನಂತುವನ್ನು ಕೊಂದವನು ನಾನು ಹೌದೋ ಅಲ್ಲವೋ ಅನ್ನುವುದು. ಹೌದಾದರೆ ಹೌದು ಅಂತಲೇ ತಿಳಿಯಲಿ.

ಬಾಯ್ಲರಿನ ಕತ್ತು ಅಂತ ನಾನು ನಿನಗೆ ತೋರಿಸಿದ್ದೆ, ನೆನಪಿದೆಯಾ? ಹೊಗೆಯ ಕೊಳವೆ ಪೆಟ್ಟಿಗೆಗೆ ಸೇರುವ ಕಡೆ ಸುತ್ತಲೂ ಎರಡು ಬೆರಳಷ್ಟು ತೆರೆದ ಸಂದು. ನನಗೆ ಅಲ್ಲೇ ಅನುಮಾನ. ಅಲ್ಲಿ ಹಲ್ಲಿಯೋ, ಹಕ್ಕಿಗೂಡೋ ಸಿಕ್ಕಿಕೊಂಡಿದ್ದರೆ ಹೊಗೆಯೆಲ್ಲ ಬಚ್ಚಲೊಳಕ್ಕೇ ತಿರುಗುತ್ತದೆ. ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು ಇದ್ದರೆ ಸಾಕು, ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಬರಲೇ?

ತಿಮ್ಮಣ್ಣ


ಸುಬಾಂಗ್ ಜಯಾ
10 ಮಾರ್ಚ್ 2024

ಶ್ರೀ ತಿಮ್ಮಯ್ಯನವರಿಗೆ,

ನಿಮ್ಮ ಎರಡೂ ಕಾಗದ ತಲುಪಿವೆ.

ದಯವಿಟ್ಟು ಬರಬೇಡಿ. ಇಂಚರಳಿಗೆ ಪರೀಕ್ಷೆಗಳಿವೆ. ಅವಳಪ್ಪ ಪಾಠ ಮಾಡುತ್ತಿದ್ದ ಕಾಲೇಜಿನ ಲೈಬ್ರರಿಯಲ್ಲೇ ನನಗೆ ಕೆಲಸ ಕೊಟ್ಟಿದ್ದಾರೆ, ಮನೆಯಲ್ಲಿ ಯಾರೂ ಇರುವುದಿಲ್ಲ. ಬಾಯ್ಲರನ್ನು ಹಳೇ ಸಾಮಾನಿನವನಿಗೆ ಕೊಡಬೇಕೆಂದಿದ್ದೇನೆ. ಅದರಲ್ಲಿ ನೋಡುವಂಥದ್ದು ಏನೂ ಇಲ್ಲ.

ವಾಸಂತಿ


ಬಯಾನ್ ಲೆಪಾಸ್
24 ಮಾರ್ಚ್ 2024

ಶ್ರೀಮತಿ ವಾಸಂತಿಯವರಿಗೆ,

ನಾನೀಗ 'ಶ್ರೀ ತಿಮ್ಮಯ್ಯನವರು'. ಸಂತೋಷ. ನಿನ್ನ ಮದುವೆಯಲ್ಲಿ ಅಣ್ಣಂದಿರಿಲ್ಲ ಅಂತ ನಿಮ್ಮಪ್ಪ ನನ್ನ ಕೈಲಿ ಲಾಜ ಹಾಕಿಸಿದ್ದರು. ಆ ಕೈಗೆ ನೀನು 'ಶ್ರೀ' ಅಂಟಿಸಿಬಿಟ್ಟೆ.

ಕೋಪ ಬಂದಿದೆ, ಬರೆಯುತ್ತೇನೆ. ನಿನ್ನೆ ನಾನು ಸುಬಾಂಗಿಗೆ ಬಂದಿದ್ದೆ. ಸ್ಕ್ರೂಡ್ರೈವರೂ ಟಾರ್ಚೂ ಚೀಲದಲ್ಲಿದ್ದವು. ನಿಮ್ಮ ಬೀದಿಯ ತುದಿಯ ಮಾಮಕ್ ಚಹಾ ಅಂಗಡಿಯಲ್ಲಿ ಎರಡು ಗಂಟೆ ಕೂತು ಮೂರು ಲೋಟ ತೆ ತಾರಿಕ್ ಚಹಾ ಕುಡಿದೆ. ಇಂಚರ ಟ್ಯೂಷನ್ನಿನಿಂದ ನಡೆದು ಬಂದಳು. ಅನಂತುವಿನ ಹಾಗೇ ಎಡಗಾಲು ಸ್ವಲ್ಪ ಹೊರಕ್ಕೆ ಹಾಕಿ ನಡೆಯುತ್ತಾಳೆ. ನನ್ನನ್ನು ನೋಡಿದಳು ಅನಿಸುತ್ತದೆ. ನಾನು ಪೇಪರು ಅಡ್ಡ ಹಿಡಿದೆ. ಐವತ್ತೆಂಟು ವರ್ಷದ ಗಂಡಸು ಮಗುವಿಗೆ ಹೆದರಿ ಮಲಯ್ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಆಮೇಲೆ ನಿಮ್ಮ ಗೇಟಿನ ಹತ್ತಿರ ಬರಲಿಲ್ಲ. ಬಸ್ಸು ಹಿಡಿದು ವಾಪಸು ಬಂದೆ.

'ನೋಡುವಂಥದ್ದು ಏನೂ ಇಲ್ಲ' ಅಂತ ಬರೆದಿದ್ದೀಯ. ನೋಡದೆ ನಿನಗೆ ಹೇಗೆ ಗೊತ್ತು? ಬಾಯ್ಲರ್ ಮಾರಿಬಿಟ್ಟರೆ ನಾನು ಸಾಯುವವರೆಗೂ ಕೊಲೆಗಾರನೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತ ಗಾದೆ. ನಾನು ಆನೆ ಕೇಳುತ್ತಿಲ್ಲ ತಾಯಿ. ಹತ್ತು ನಿಮಿಷ ಕೇಳುತ್ತಿದ್ದೇನೆ.

ತಿಮ್ಮಯ್ಯ


ಸುಬಾಂಗ್ ಜಯಾ
2 ಜೂನ್ 2024

ತಿಮ್ಮಣ್ಣ,

ಎರಡು ತಿಂಗಳಿಂದ ಈ ಕಾಗದ ಬರೆದು ಬರೆದು ಹರಿದಿದ್ದೇನೆ. ಇಂಚರ ಈಗಲೂ ಎದುರಿಗೇ ಕೂತು ಲೆಕ್ಕ ಮಾಡುತ್ತಿದ್ದಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲವಲ್ಲ. 'What are you writing, Amma?' ಅಂದಳು. ಮೈಸೂರಿಗೆ ಅಂದೆ. ಮಗಳಿಗೆ ಅಕ್ಷರ ಕಲಿಸದೆ ಹೋದದ್ದು ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು.

ನಿಮ್ಮ ಕೈ ತಪ್ಪಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಹರಿದುಹಾಕುತ್ತೇನೆ. ನಿಮ್ಮ ಕೈ ತಪ್ಪಿಲ್ಲ ತಿಮ್ಮಣ್ಣ.

ಹಬ್ಬದ ಹಿಂದಿನ ದಿನ ನೀರು ತುಂಬುವ ಹಬ್ಬ ತಾನೆ. ಮೈಸೂರಿನಿಂದ ಹೊತ್ತು ತಂದ ತಾಮ್ರದ ಸಣ್ಣ ಹಂಡೆ ಒಂದಿದೆ, ನೀವು ನೋಡಿದ್ದೀರಿ. ಪ್ರತಿ ವರ್ಷ ಅದನ್ನು ಹುಣಿಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕತ್ತಿಗೆ ಹಾಗಲ ಬಳ್ಳಿ ಸುತ್ತಿ, ನೀರು ತುಂಬಿ ಬಚ್ಚಲ ಮೂಲೆಯಲ್ಲಿ ಇಡುವುದು ನನ್ನ ಕೆಲಸ. ಆ ದಿನ ನಾನು ಚಕ್ಕುಲಿ ಬಾಣಲೆಯ ಮುಂದೆ ಇದ್ದೆ. ಪಕ್ಕದ ಮನೆಯ ತುಳಸಿ ಅಕ್ಕ ಅವರ ಬೇಲಿಯ ಹಾಗಲ ಬಳ್ಳಿ ತಂದುಕೊಟ್ಟರು. ನಾನು ಕೂತಲ್ಲಿಂದಲೇ ಇಂಚರಳಿಗೆ ಕೂಗಿ ಹೇಳಿದೆ, 'ಹಂಡೆ ಕತ್ತಿಗೆ ಈ ಬಳ್ಳಿ ಸುತ್ತು ಮರಿ, ಮೊದಲು ಈ ಹಸಿರು ಕಣ ಕಟ್ಟು' ಅಂತ. ಬಾಗಿನಕ್ಕೆ ಬಂದಿದ್ದ ಹಸಿರು ರವಿಕೆ ಕಣ ಅದು.

ಅವಳ ಪಾಲಿಗೆ ಹಂಡೆ ಅಂದರೆ ಯಾವುದು? ಅವಳಪ್ಪ ಎರಡು ವರ್ಷದಿಂದ 'ಹಂಡೆ ಹಾಕು, ಹಂಡೆ ಆರಿಸು' ಅಂತ ಹೇಳಿಕೊಟ್ಟಿದ್ದು ಗೋಡೆಯ ಮೇಲಿನದು. ಮಗು ಸ್ಟೂಲು ಹತ್ತಿ, ನಿಮ್ಮ ಬಾಯ್ಲರಿನ ಕತ್ತಿಗೆ ಕಣ ಬಿಗಿಯಾಗಿ ಕಟ್ಟಿ, ಮೇಲೆ ಬಳ್ಳಿ ಸುತ್ತಿತು. ನೀವು ಅದರ ಪಕ್ಕದಲ್ಲೇ ಚೀಟಿ ಅಂಟಿಸಿದ್ದಿರಿ. ಅದು ಕನ್ನಡದಲ್ಲಿತ್ತು.

ನಾನು ಹೋಗಿ ನೋಡಲಿಲ್ಲ. ಬೆಳಗ್ಗೆ ಅವರು ಎದ್ದು ಹಿತ್ತಲಿನ ದೀಪ ಹಾಕಿದರು. 'ನೋಡೇ, ನಿನ್ನ ಮಗಳು ಹಂಡೆಗೆ ಸೀರೆ ಉಡಿಸಿದ್ದಾಳೆ' ಅಂತ ನಗುತ್ತಾ ಕೂಗಿದರು. ನಾನು ತಾಮ್ರದ್ದು ಅಂದುಕೊಂಡು ನಕ್ಕೆ. ಅವರಿಗೆ ನಿಮ್ಮ ಚೀಟಿ ಓದಲು ಬರುತ್ತಿತ್ತು. ಮಗಳು ಕಟ್ಟಿದ್ದನ್ನು ಬಿಚ್ಚಲು ಮನಸ್ಸು ಬರಲಿಲ್ಲವೋ, ಒಂದು ಸ್ನಾನಕ್ಕೆ ಏನಾದೀತು ಅಂದುಕೊಂಡರೋ, ಇನ್ನು ಯಾರನ್ನು ಕೇಳಲಿ.

ಮುಕ್ಕಾಲು ಗಂಟೆ ಆದರೂ ಬರಲಿಲ್ಲ. ಬೆನ್ನು ಸುಡಿಸಿಕೊಳ್ಳುತ್ತಿದ್ದಾರೆ ಅಂತ ನಾನು ಒಬ್ಬಟ್ಟು ತಟ್ಟುತ್ತಿದ್ದೆ. ಆಮೇಲೆ ಬಾಗಿಲು ಒಡೆಸಿದ್ದು ನಿಮಗೆ ಗೊತ್ತು. ಅವರನ್ನು ಆಂಬುಲೆನ್ಸಿಗೆ ಹಾಕುವಾಗ ನಾನು ತಲೆ ಎತ್ತಿ ಬಾಯ್ಲರ್ ನೋಡಿದೆ. ಕಣದ ಒಂದು ತುದಿ ಸಂದಿನೊಳಕ್ಕೆ ಸೇರಿಕೊಂಡು ಕೊಳವೆಯ ಬಾಯಿಗೆ ಕಟ್ಟಿಕೊಂಡಿತ್ತು, ಅಂಚು ಕಪ್ಪಾಗಿತ್ತು. ಎಲ್ಲರೂ ಬೀದಿಯಲ್ಲಿದ್ದರು. ನಾನು ಸ್ಟೂಲು ಹತ್ತಿ ಎಲ್ಲ ಬಿಚ್ಚಿ ಸೀರೆಯೊಳಗೆ ಸಿಕ್ಕಿಸಿಕೊಂಡೆ. ಗಂಡನ ಹೆಣ ಬೀದಿಯಲ್ಲಿ, ನಾನು ಸ್ಟೂಲಿನ ಮೇಲೆ. ಇದನ್ನು ಹೇಗೆ ಮಾಡಿದೆ ಅಂತ ಈಗಲೂ ನನಗೆ ಗೊತ್ತಿಲ್ಲ. ಬಳ್ಳಿ ಎಲ್ಲಿ ಅಂತ ಆಮೇಲೆ ಇಂಚರ ಕೇಳಿದಳು. ಸಂಜೆಯೇ ಬಿಚ್ಚಿಬಿಟ್ಟಿದ್ದೆ ಮರಿ, ಬಾಡಿತ್ತು, ಅಂದೆ.

ಅಧಿಕಾರಿಗಳು ಬಂದಾಗ ನಾನು ಬಾಯಿ ಬಿಡಲಿಲ್ಲ. 'ಸರ್ವೀಸ್ ಯಾವಾಗ ಆಯಿತು?' ಅಂದರು. ಅಕ್ಟೋಬರಿನಲ್ಲಿ ಆಗಿಲ್ಲ ಅಂದೆ. ಅದು ನಿಜವೇ. ಆ ಒಂದು ನಿಜದಲ್ಲಿ ನಿಮ್ಮನ್ನು ಮುಳುಗಿಸಿದೆ.

ಕತ್ತಿನ ಹತ್ತಿರ ಇನ್ನೂ ಅರಿಸಿನದ ಗುರುತಿದೆ, ಸುಟ್ಟ ನೂಲಿದೆ. ಪರೀಕ್ಷೆ ಮಾಡಿದವರು ಬರೀ ಕೊಳೆ ಅಂದುಕೊಂಡಿರಬೇಕು, ನೀವು ಹಾಗೆ ಅಂದುಕೊಳ್ಳುವವರಲ್ಲ. ಅದಕ್ಕೇ ನಿಮ್ಮನ್ನು ಬರಬೇಡಿ ಅಂದೆ. ಜೂನ್ ಕೊನೆಗೆ ಇನ್ನೂ ಇಪ್ಪತ್ತೆಂಟು ದಿನ ಇದೆ. ಈ ಕಾಗದವನ್ನು ಮೇಲ್ಮನವಿಯ ಜೊತೆ ಕೊಡಿ. ಬೇಕಾದರೆ ಇಂಗ್ಲಿಷಿನಲ್ಲೂ ಬರೆದುಕೊಡುತ್ತೇನೆ. ಆದರೆ ಅವರು ಅವಳನ್ನು ಕರೆದು ಕೇಳುತ್ತಾರಲ್ಲವೇ? ಹದಿನೈದು ವರ್ಷದ ಮಗು ತಿಮ್ಮಣ್ಣ.

ನಿಮ್ಮ ತಂಗಿ ಅಂತ ಬರೆಯಲು ನಾಚಿಕೆ ಆಗುತ್ತದೆ.

ವಾಸಂತಿ


ಬಯಾನ್ ಲೆಪಾಸ್
16 ಜೂನ್ 2024

ತಂಗಿ,

ನಿನ್ನ ಕಾಗದ ಓದಿ ಮೂರು ದಿನ ನಿನ್ನನ್ನು ಬೈದೆ. ಗಟ್ಟಿಯಾಗಿಯೇ ಬೈದೆ, ನಿಖಿಲ ಹೆದರಿ ಹೊರಗಿನಿಂದ 'ತಪಾವ್' ಅಂತ ಊಟ ಕಟ್ಟಿಸಿಕೊಂಡು ತಂದು ನನ್ನ ಮುಂದಿಟ್ಟ. ಏಳು ತಿಂಗಳು ನಾನು ನನ್ನ ಬೆರಳುಗಳನ್ನೇ ನೋಡುತ್ತಾ ಕೂತಿದ್ದೆನಲ್ಲೇ. ಇದೇ ಬೆರಳು ಅವನನ್ನು ಕೊಂದಿತು ಅಂತ. ಅದನ್ನು ನೀನು ನೋಡಲಿಲ್ಲ. ನೋಡಿದ್ದರೆ ಇಷ್ಟು ದಿನ ಸುಮ್ಮನಿರುತ್ತಿರಲಿಲ್ಲ, ಅಷ್ಟು ನಂಬುತ್ತೇನೆ.

ನಾಲ್ಕನೇ ದಿನ ಬೈಗುಳ ಮುಗಿದು ಬೇರೆ ನೆನಪು ಬಂತು. ಚೀಟಿ ಬರೆಯುವಾಗ ಅನಂತು ಹೇಳಿದ್ದ, 'ಇಂಗ್ಲಿಷಲ್ಲಿ ಬರಿಯೋ, ಮಗೂಗೂ ತಿಳೀಲಿ.' ನಾನು ಒಪ್ಪಲಿಲ್ಲ. 'ಇದನ್ನ ಓದೋಕಾದ್ರೂ ಕನ್ನಡ ಕಲೀತಾಳೆ, ನಾನೊಬ್ಬನಾದ್ರೂ ಈ ಮನೇಲಿ ಕನ್ನಡ ಉಳಿಸ್ತೀನಿ' ಅಂತ ಜಂಬ ಕೊಚ್ಚಿದೆ. ಗುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿ ನೀಟಾಗಿದೆ ಅಂತ ಬೀಗಿದೆ. ಅಪಾಯ ಅಂತ ಬರೆದ ಮಾತು ಮನೆಯ ಮಗುವಿಗೇ ಓದಲು ಬಾರದ ಭಾಷೆಯಲ್ಲಿತ್ತು. ನನ್ನ ಕೈ ತಪ್ಪಿಲ್ಲ ಅಂತ ಬರೆದಿದ್ದೀಯ. ತಪ್ಪಿದೆ. ಸ್ಪ್ಯಾನರ್ ಹಿಡಿದ ಕೈ ತಪ್ಪಲಿಲ್ಲ, ಪೆನ್ನು ಹಿಡಿದದ್ದು ತಪ್ಪಿತು.

ಮೇಲ್ಮನವಿ ಹಾಕುವುದಿಲ್ಲ. ಕೇಳಬೇಡ, ವಾದ ಮಾಡಬೇಡ, ಶ್ರೀ ತಿಮ್ಮಯ್ಯನವರು ಅನ್ನಬೇಡ. ಕೈಗವಸು ಕೊಡುವ ಕೆಲಸದಲ್ಲಿ ಸೊಂಟಕ್ಕೆ ಸುಖ ಇದೆ. ನನಗೆ ಬೇಕಾಗಿದ್ದು ತಿಳಿಯುವುದು, ತಿಳಿಯಿತು. ಆ ಮಗು ಇನ್ನೂ ಐವತ್ತು ಅರವತ್ತು ವರ್ಷ ಬದುಕಬೇಕು. 'ನಾನು ಕಟ್ಟಿದೆ' ಅನ್ನುವುದನ್ನು ಹೊತ್ತುಕೊಂಡು ಅಷ್ಟು ದೂರ ನಡೆಯಲು ಆಗುವುದಿಲ್ಲ. ನಾನು ಮುದುಕ, ನನ್ನ ದಾರಿ ಗಿಡ್ಡ, ನಾನು ಹೊರುತ್ತೇನೆ.

ನಿನ್ನ ಕಾಗದ ಸುಟ್ಟುಹಾಕಿದೆ. ಇದನ್ನು ನೀನು ಸುಟ್ಟುಹಾಕು. ಹುಣಿಸೆಹಣ್ಣು ಹಾಕಿ ಆ ಕತ್ತು ಉಜ್ಜಿ ಬಾಯ್ಲರನ್ನು ಗುಜರಿಗೆ ಕೊಡು.

ನಿನ್ನ ಅಣ್ಣ,
ತಿಮ್ಮಯ್ಯ


ಸುಬಾಂಗ್ ಜಯಾ
1 ಸೆಪ್ಟೆಂಬರ್ 2024

ತಿಮ್ಮಣ್ಣನಿಗೆ ವಾಸಂತಿಯ ನಮಸ್ಕಾರಗಳು.

ಬಾಯ್ಲರ್ ಹೋಯಿತು. ಲಾರಿಯವನು ಅದನ್ನು ಹಳೇ ವಾಷಿಂಗ್ ಮೆಷೀನಿನ ಮೇಲೆ ಎಸೆದ. ನಾನು ಒಳಗೆ ಬಂದು ಸ್ವಲ್ಪ ಹೊತ್ತು ಅತ್ತೆ. ಅದರ ಮೇಲೆ ನನಗೆ ದ್ವೇಷ ಇತ್ತು ಅಂದುಕೊಂಡಿದ್ದೆ.

ಒಂದು ಭಯ ಹೇಳಿಕೊಳ್ಳಬೇಕು. ಗೋಡೆಯ ಮೇಲಿದ್ದ ನಿಮ್ಮ ಚೀಟಿಯನ್ನು ನಾನು ಕಿತ್ತುಹಾಕುವ ಮೊದಲೇ ಇಂಚರ ಬಿಡಿಸಿ ಇಟ್ಟುಕೊಂಡಿದ್ದಾಳೆ. 'ಇದು ಮಾಮನ ರೈಟಿಂಗ್, ಅಪ್ಪ ದಿನಾ ನೋಡ್ತಿದ್ದದ್ದು' ಅಂದಳು. ಏನು ಬರೆದಿದೆ ಓದು ಅಂದಳು. ಕಾಗದ ನನ್ನ ಕೈಯಲ್ಲಿ ಇತ್ತು. 'ಬಿಸಿ ನೀರು, ಜೋಪಾನ' ಅಂತ ಓದಿದೆ. 'ಇಷ್ಟೊಂದು ಲೈನ್ ಇದೆಯಲ್ಲಾ' ಅಂದಳು. ಕನ್ನಡದಲ್ಲಿ ಹಾಗೇ, ಉದ್ದ ಬರುತ್ತೆ, ಅಂದೆ. ಪೆನ್ಸಿಲ್ ಬಾಕ್ಸಿನಲ್ಲಿ ಮಡಿಸಿ ಇಟ್ಟುಕೊಂಡಿದ್ದಾಳೆ. ಕಿತ್ತುಕೊಂಡರೆ ಅನುಮಾನ ಬರುತ್ತದೆ. ದಿನಾ ಆ ಬಾಕ್ಸು ಶಾಲೆಗೆ ಹೋಗಿ ಬರುತ್ತದೆ, ನನ್ನ ಜೀವವೂ ಹೋಗಿ ಬರುತ್ತದೆ.

ಬರುವ ತಿಂಗಳು ಅವರ ವರ್ಷದ ತಿಥಿ. ಇನ್ನು ಪ್ರತಿ ವರ್ಷವೂ ನಮ್ಮ ಮನೆಯಲ್ಲಿ ದೀಪಾವಳಿಯ ದಿನವೇ ತಿಥಿ.

ನಿಮ್ಮ,
ವಾಸಂತಿ


ಸುಬಾಂಗ್ ಜಯಾ
6 ಅಕ್ಟೋಬರ್ 2024

ಡಿಯರ್ ತಿಮ್ಮಯ್ಯ ಮಾಮ,

ನಾನು ಇಂಚರ. ಇದು ನನ್ನ ಫಸ್ಟ್ ಕನ್ನಡ ಲೆಟರ್. ಅಡ್ರೆಸ್ ನಿಮ್ಮ ಕವರಿನ ಹಿಂದೆ ಇತ್ತು. ಮಾರ್ಚಿನಲ್ಲಿ ನೀವು ಮಾಮಕ್ ಅಂಗಡಿಯಲ್ಲಿ ಪೇಪರ್ ಉಲ್ಟಾ ಹಿಡಿದಿದ್ದಿರಿ. ನಾನು ನೋಡಿದೆ.

ಅಮ್ಮನಿಗೆ ಗೊತ್ತಿಲ್ಲದೆ ಕನ್ನಡ ಕಲಿತೆ. ಸ್ಕೂಲ್ ಲೈಬ್ರರಿಯಲ್ಲಿ, ಫೋನಿನಲ್ಲಿ, ಐದು ತಿಂಗಳು. ಅಪ್ಪನ ತಿಥಿ ದಿನ ಅಮ್ಮನಿಗೆ ಓದಿ ತೋರಿಸಿ ಸರ್ಪ್ರೈಸ್ ಕೊಡೋಣ ಅಂತ. ಳ ಮತ್ತು ಲ ಕಷ್ಟ. ಒತ್ತಕ್ಷರ ಇನ್ನೂ ಕಷ್ಟ. ತಪ್ಪಿದ್ದರೆ ಸಾರಿ.

ಫಸ್ಟ್ ಓದಬೇಕು ಅಂತ ಇಟ್ಟುಕೊಂಡಿದ್ದು ನಿಮ್ಮ ಚೀಟಿ. ಎರಡು ದಿನ ಆಯಿತು ಓದೋಕೆ. 'ಕತ್ತಿನ ಸಂದು ಯಾವಾಗಲೂ ತೆರೆದಿರಲಿ. ಇದಕ್ಕೆ ಏನನ್ನೂ ಕಟ್ಟಬೇಡಿ, ಹೊದಿಸಬೇಡಿ. ಜೀವಕ್ಕೆ ಅಪಾಯ. ತಿಮ್ಮಯ್ಯ.' ಅಮ್ಮ ಓದಿ ಹೇಳಿದ ಬಿಸಿ ನೀರು ಎಲ್ಲೂ ಇಲ್ಲ. ಜೋಪಾನ ಅಂತಲೂ ಇಲ್ಲ.

ಮಾಮ, ಹಬ್ಬದ ಹಿಂದಿನ ದಿನ ನಾನು ಹಂಡೆ ಕತ್ತಿಗೆ ಬಳ್ಳಿ ಕಟ್ಟಿದೆ. ಅಮ್ಮ ಸಂಜೆಯೇ ಬಿಚ್ಚಿದೆ ಅಂತಾಳೆ. ನಿಜವಾ? ಅಮ್ಮನನ್ನು ಕೇಳಿದರೆ ಅಳುತ್ತಾಳೆ. ನಿಮಗೆ ಬಾಯ್ಲರ್ ಗೊತ್ತು. ಬಳ್ಳಿ ಕಟ್ಟಿದ್ದರಿಂದ ಅಪ್ಪ ಹೋದರಾ? ಸುಳ್ಳು ಬೇಡ.

ಇಂಚರ


ಬಯಾನ್ ಲೆಪಾಸ್
12 ಅಕ್ಟೋಬರ್ 2024

ನನ್ನ ಇಂಚರ ಮರಿಗೆ,

ಮಾಮನ ಸಾವಿರ ಮುತ್ತು. ನಿನ್ನ ಕಾಗದ ನೋಡಿ ಮುದುಕ ಅತ್ತುಬಿಟ್ಟ. ಎಷ್ಟು ಚಂದ ಬರೆದಿದ್ದೀಯ! ಒಂದೇ ಒಂದು ತಪ್ಪೂ ಇಲ್ಲ. ನಿನ್ನ ಅಪ್ಪನ ಅಕ್ಷರವಂತೂ ಕೋಳಿ ಕೆದಕಿದ ಹಾಗೆ ಇರುತ್ತಿತ್ತು. ಪೇಪರು ಉಲ್ಟಾ ಇದ್ದದ್ದನ್ನು ಯಾರಿಗೂ ಹೇಳಬೇಡ.

ಈಗ ನಿನ್ನ ಪ್ರಶ್ನೆ. ಉತ್ತರ, ಇಲ್ಲ. ನೂರಕ್ಕೆ ನೂರು ಇಲ್ಲ. ತಪ್ಪು ನನ್ನದು. ಅಕ್ಟೋಬರಿನಲ್ಲಿ ಬಂದು ಬರ್ನರ್ ಉಜ್ಜಬೇಕಾಗಿತ್ತು, ಬರಲಿಲ್ಲ. ಒಳಗೆ ಮಸಿ ಕಟ್ಟಿತು, ಉರಿ ಹಳದಿ ತಿರುಗಿತು. ನಾನು ನಿನಗೆ ಹೇಳಿಕೊಟ್ಟಿರಲಿಲ್ಲವಾ, ಉರಿ ನೀಲಿ ಇದ್ದರೆ ದೇವರು, ಹಳದಿ ಆದರೆ ಯಮ ಅಂತ? ಸರ್ಕಾರದವರೂ ಅದನ್ನೇ ಬರೆದಿದ್ದಾರೆ. ಅದಕ್ಕೇ ನನ್ನ ಕಾರ್ಡು ತೆಗೆದುಕೊಂಡರು. ಅವರೇನು ದಡ್ಡರಾ?

ಚೀಟಿಯಲ್ಲಿ ಬರೆದಿದ್ದು ಸುಮ್ಮನೆ, ಎಲ್ಲ ಬಾಯ್ಲರಿಗೂ ಹಾಗೆ ಬರೆಯುತ್ತೇವೆ. ನೀನು ಕಟ್ಟಿದ ಆ ಹಸಿರು ಕಣ, ಬಳ್ಳಿ ಎರಡನ್ನೂ ಅಮ್ಮ ಸಂಜೆಯೇ ಬಿಚ್ಚಿದ್ದು ಸತ್ಯ. ಅಮ್ಮ ಸುಳ್ಳು ಹೇಳುವವಳಲ್ಲ. ಚೀಟಿಯನ್ನು ತಪ್ಪಾಗಿ ಓದಿದ್ದು ಕನ್ನಡಕ ಇಲ್ಲದೆ ಇರಬೇಕು.

ನಿನ್ನ ಮೇಲೆ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ ಮರಿ. ಚೆನ್ನಾಗಿ ಓದು. ಕನ್ನಡ ಬಿಡಬೇಡ. ನನ್ನ ಮೇಲೆ ಕೋಪ ಇದ್ದರೆ ಬೈದು ಬರೆ, ಕನ್ನಡದಲ್ಲಿ ಬೈಗುಳ ಬಹಳ ಚೆನ್ನಾಗಿವೆ.

ನಿನ್ನ,
ಮಾಮ


ಸುಬಾಂಗ್ ಜಯಾ
20 ಅಕ್ಟೋಬರ್ 2024

ಮಾಮ,

ನಿಮ್ಮ ಲೆಟರ್ ನಾಲ್ಕು ಸಲ ಓದಿದೆ. ಫಸ್ಟ್ ಟೈಮ್ ಓದಿದಾಗ ಖುಷಿ ಆಯಿತು, ನಿದ್ದೆ ಬಂತು. ಸೆಕೆಂಡ್ ಟೈಮ್ ನಿಧಾನವಾಗಿ ಒಂದೊಂದೇ ಅಕ್ಷರ ಓದಿದೆ. ನನಗೆ ಹಾಗೆ ಓದೋಕೆ ಮಾತ್ರ ಬರುತ್ತೆ.

ನಾನು ಬಳ್ಳಿ ಅಂತ ಮಾತ್ರ ಬರೆದಿದ್ದೆ. ಹಸಿರು ಕಣ ಅಂತ ಬರೆದಿರಲಿಲ್ಲ. ಆ ಶಬ್ದ ನನಗೆ ಬರೆಯೋಕೇ ಗೊತ್ತಿರಲಿಲ್ಲ, ನಿಮ್ಮ ಲೆಟರ್ ನೋಡಿ ಈಗ ಬರೆದೆ. ಅದು ನನಗೆ ಗೊತ್ತು, ಅಮ್ಮನಿಗೆ ಗೊತ್ತು, ಅಪ್ಪನಿಗೆ ಗೊತ್ತು. ನಿಮಗೆ ಯಾರು ಹೇಳಿದರು? ಅಮ್ಮ ಹೇಳಿದ್ದಾಳೆ. ಬರೀ ಬಾಡಿದ ಬಳ್ಳಿ ಬಿಚ್ಚಿದ್ದಾದರೆ ಬಟ್ಟೆಯ ಬಣ್ಣದವರೆಗೂ ನಿಮಗೆ ಯಾಕೆ ಹೇಳುತ್ತಾಳೆ?

ಎರಡು ದಿನ ಸ್ಕೂಲಿಗೆ ಹೋಗಲಿಲ್ಲ. ಹೊಟ್ಟೆ ನೋವು ಅಂದೆ. ಅಮ್ಮ ಜೀರಿಗೆ ಕಷಾಯ ಮಾಡಿ ಕೊಟ್ಟಳು. ತುಂಬಾ ಅತ್ತೆ ಮಾಮ, ಬಾತ್‌ರೂಮಿನಲ್ಲಿ, ನಲ್ಲಿ ಬಿಟ್ಟುಕೊಂಡು. ಆಮೇಲೆ ಯೋಚನೆ ಮಾಡಿದೆ. ನಿಮ್ಮ ಕಾರ್ಡ್ ಹೋಗಿದ್ದು ನನ್ನಿಂದ. ನೀವು ಪೇಪರ್ ಹಿಂದೆ ಮುಖ ಮುಚ್ಚಿಕೊಂಡಿದ್ದು ನನ್ನಿಂದ. ಆದರೂ ಮುತ್ತು ಅಂತ ಬರೆದಿದ್ದೀರಿ.

ಅಮ್ಮನಿಗೆ ನನಗೆ ಓದೋಕೆ ಬರುತ್ತೆ ಅಂತ ಹೇಳಬೇಡಿ. ನಿನ್ನೆ ಮತ್ತೆ ಚೀಟಿ ಕೊಟ್ಟು ಓದು ಅಂದೆ, ಸುಮ್ಮನೆ, ನೋಡೋಣ ಅಂತ. ಕನ್ನಡಕ ಹಾಕಿಕೊಂಡೇ ಓದಿದಳು. 'ಬಿಸಿ ನೀರು, ಜೋಪಾನ.' ನಾನು ಓಕೆ ಅಮ್ಮ ಅಂದೆ. ಇನ್ನು ಮೇಲೆ ಅದರಲ್ಲಿ ಅಷ್ಟೇ ಬರೆದಿದೆ. ಸರ್ಪ್ರೈಸ್ ಕ್ಯಾನ್ಸಲ್.

30ನೇ ತಾರೀಖು ನೀವು ಬರಬೇಕು. ಅಮ್ಮ ಹಬ್ಬ ಇಲ್ಲ ಅಂತಾಳೆ. ಹಬ್ಬ ಬೇಡ, ನೀರು ಮಾತ್ರ ತುಂಬೋಣ. ಮಾರನೇ ದಿನ ತಿಥಿಗೆ ಬಂದವರಿಗೆ ಕಾಲು ತೊಳೆಯೋಕೆ ಬೇಕಲ್ಲ. ತಾಮ್ರದ ಹಂಡೆ ಅಟ್ಟದಲ್ಲೇ ಇರಲಿ. ಬಕೆಟ್‌ನಲ್ಲಿ ತುಂಬಿದರೆ ಆಯಿತು.

ಬಕೆಟ್‌ಗೆ ಕತ್ತು ಇಲ್ಲ ಮಾಮ.

ನಿಮ್ಮ,
ಇಂಚರ